ಕಾರಿಗೆ ಟೈರ್ ಕೊಳ್ಳುವ ಮುನ್ನ ಪಕ್ಕೆಯ ಬರಹ ಓದಿ

ಟೈರ್ ಅಂಗಡಿಗೆ ಹೋದವರ ಮೊದಲ ಪ್ರಶ್ನೆ ಯಾವ ಊರಲ್ಲಾದರೂ ಒಂದೇ: “ಅಣ್ಣಾ, ಇದು ಎಷ್ಟು ಕಿಲೋಮೀಟರ್ ಬರುತ್ತೆ?” ಎರಡನೆಯದು, “ಕೊನೇ ರೇಟು ಹೇಳಿ.” ಅಂಗಡಿಯವರೂ ಈ ಎರಡಕ್ಕೆ ಉತ್ತರ ರೆಡಿ ಇಟ್ಟುಕೊಂಡೇ ಕೂತಿರುತ್ತಾರೆ. “ಆರಾಮಾಗಿ ಐವತ್ತು ಸಾವಿರ ಓಡುತ್ತೆ ಸರ್” ಅಂದು, ಜಾಕ್ ಹಾಕಲು ಹುಡುಗನನ್ನು ಕೂಗಿಯೂ ಬಿಡುತ್ತಾರೆ. ಮಳೆಯಲ್ಲಿ ಬ್ರೇಕ್ ಒತ್ತಿದರೆ ಕಾರು ಎಷ್ಟು ದೂರದಲ್ಲಿ ನಿಂತೀತು, ಐದು ಜನರೂ ಲಗೇಜೂ ತುಂಬಿದಾಗ ಈ ಟೈರ್ ಭಾರ ತಡೆದೀತೇ, ಕಾರ್ಖಾನೆಯಿಂದ ಹೊರಬಂದು ಎಷ್ಟು ಕಾಲವಾಯಿತು ಎಂದು ಕೇಳುವವರು ಅಪರೂಪ.

ನನ್ನ ಮಟ್ಟಿಗೆ ಈ ಪ್ರಶ್ನೆಗಳ ಕ್ರಮವೇ ತಲೆಕೆಳಗು. ಕಾರು ನೆಲಕ್ಕೆ ತಾಗುವುದು ಅಂಗೈಯಗಲದ ನಾಲ್ಕು ಜಾಗದಲ್ಲಿ ಮಾತ್ರ. ಎಬಿಎಸ್ ಇರಲಿ, ಆರು ಏರ್‌ಬ್ಯಾಗ್ ಇರಲಿ, ಗಾಡಿಯನ್ನು ನಿಲ್ಲಿಸುವ ಕೆಲಸ ಕೊನೆಗೆ ಬೀಳುವುದು ಅಷ್ಟು ರಬ್ಬರಿನ ಮೇಲೆಯೇ. ಮೊದಲು ಹಿಡಿತ, ಆಮೇಲೆ ಭಾರ ಮತ್ತು ವಯಸ್ಸು, ಕಿಲೋಮೀಟರಿನ ಮಾತು ಅದರ ನಂತರ. ಈ ಪೈಕಿ ಅರ್ಧದಷ್ಟು ಮಾಹಿತಿ ಟೈರಿನ ಪಕ್ಕೆಯ ಮೇಲೆಯೇ ಅಚ್ಚಾಗಿರುತ್ತದೆ. ಉಳಿದರ್ಧವನ್ನು ನಾವೇ ಹುಡುಕಿಕೊಳ್ಳಬೇಕು.

ಅಂಕಿಗಳ ಲೆಕ್ಕ

ಒಂದು ಸಾಮಾನ್ಯ ಸೈಜನ್ನೇ ತೆಗೆದುಕೊಳ್ಳೋಣ: 185/65 ಆರ್ 15, ಅದರ ಪಕ್ಕದಲ್ಲಿ 88 ಎಚ್. 185 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇ 65ರಷ್ಟು ಎಂದು, ಅಂದರೆ ಸುಮಾರು 120 ಮಿಮೀ. ಆರ್ ಎಂದರೆ ರೇಡಿಯಲ್. ಇವತ್ತು ಕಾರುಗಳಿಗೆ ಬರುವುದೆಲ್ಲ ಹೆಚ್ಚುಕಡಿಮೆ ರೇಡಿಯಲ್ಲೇ ಆದ್ದರಿಂದ ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. 15 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾವಾರು, ಇಂಚು ಮೂರೂ ಸೇರಿಕೊಂಡಿರುವುದು ವಿಚಿತ್ರವೇ, ಆದರೆ ಜಗತ್ತೆಲ್ಲ ಇದಕ್ಕೇ ಒಗ್ಗಿಕೊಂಡಿದೆ.

ಜನ ಸಾಮಾನ್ಯವಾಗಿ ಇಲ್ಲಿಗೆ ಓದುವುದನ್ನು ನಿಲ್ಲಿಸುತ್ತಾರೆ. ಆದರೆ ಅಸಲಿ ವಿಷಯ ಇರುವುದು ಕೊನೆಯ ‘88 ಎಚ್’ನಲ್ಲಿ.

88 ಎಂಬುದು ಭಾರದ ಸೂಚ್ಯಂಕ, ಅದು ಕಿಲೋ ಅಲ್ಲ. ಕೋಷ್ಟಕದ ಪ್ರಕಾರ 88 ಎಂದರೆ, ನಿಗದಿಯಾದಷ್ಟು ಗಾಳಿ ಇದ್ದಾಗ ಒಂದು ಟೈರ್ 560 ಕಿಲೋ ಹೊರಬಲ್ಲದು. 82 ಎಂದರೆ 475 ಕಿಲೋ, 91 ಎಂದರೆ 615, 95 ಎಂದರೆ 690. ನಾಲ್ಕು ಟೈರಿಗೆ 560ರಂತೆ ಗುಣಿಸಿದರೆ 2240 ಕಿಲೋ ಆಗುತ್ತದೆ. ತುಂಬಿದ ಸಣ್ಣ ಕಾರು ಅದರ ಹತ್ತಿರಕ್ಕೂ ಬರುವುದಿಲ್ಲವಲ್ಲ ಎನ್ನಿಸಬಹುದು. ಆದರೆ ಭಾರ ಯಾವತ್ತೂ ನಾಲ್ಕು ಕಡೆ ಸಮನಾಗಿ ಹಂಚಿಹೋಗುವುದಿಲ್ಲ. ಜೋರಾಗಿ ಬ್ರೇಕ್ ಹಿಡಿದರೆ ಗಾಡಿಯ ತೂಕ ಮುಂದಕ್ಕೆ ನುಗ್ಗುತ್ತದೆ, ಘಾಟಿಯ ತಿರುವಿನಲ್ಲಿ ಹೊರಗಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ, ಗುಂಡಿಗೆ ಇಳಿದ ಕ್ಷಣದಲ್ಲಂತೂ ಒಂದೇ ಟೈರ್ ಎಲ್ಲ ಹೊಡೆತ ತಿನ್ನುತ್ತದೆ. ಗಾಳಿ ಕಮ್ಮಿಯಿದ್ದರೆ ಹೊರುವ ಶಕ್ತಿಯೂ ಕಮ್ಮಿ. ಅದಕ್ಕೇ ಕಂಪನಿ ಕೊಟ್ಟ ಟೈರಿನ ಸೂಚ್ಯಂಕಕ್ಕಿಂತ ಕೆಳಗಿನದನ್ನು ಯಾವ ಕಾರಣಕ್ಕೂ ಹಾಕಿಸಬಾರದು. ಇನ್ನೋವಾದಂಥ ಗಾಡಿ ಇಟ್ಟುಕೊಂಡು ಧರ್ಮಸ್ಥಳ, ತಿರುಪತಿ ಬಾಡಿಗೆ ಹೊಡೆಯುವವರು ಇದನ್ನು ಎರಡು ಸಲ ನೋಡಬೇಕು. 95ರ ಜಾಗಕ್ಕೆ 91ರ ಟೈರ್ ಬಂದರೆ ಒಂದಕ್ಕೆ 75 ಕಿಲೋದಂತೆ ನಾಲ್ಕಕ್ಕೆ 300 ಕಿಲೋ ಖೋತಾ. ಅದು ನಾಲ್ಕೈದು ಜನರ ತೂಕ. ಪಕ್ಕೆಯ ಮೇಲೆ ‘ಎಕ್ಸ್‌ಎಲ್’ ಎಂದಿದ್ದರೆ ಅದು ಹೆಚ್ಚು ಭಾರಕ್ಕೆಂದೇ ಗಟ್ಟಿ ಮಾಡಿದ ಟೈರ್. ಬ್ಯಾಟರಿಯಿಂದಾಗಿ ತೂಕ ಹೆಚ್ಚಿರುವ ಎಲೆಕ್ಟ್ರಿಕ್ ಕಾರುಗಳಲ್ಲಿ ಈ ಗುರುತು ಹೆಚ್ಚಾಗಿ ಕಾಣುತ್ತದೆ.

ಇನ್ನು ಎಚ್. ಇದು ವೇಗದ ಗುರುತು. ಎಸ್ ಎಂದರೆ ಗಂಟೆಗೆ 180 ಕಿಮೀ, ಟಿ ಎಂದರೆ 190, ಎಚ್ 210, ವಿ 240, ಡಬ್ಲ್ಯೂ 270. ಎಚ್ ಅಕ್ಷರ ಯು ಆದಮೇಲೆ, ವಿಗಿಂತ ಮುಂಚೆ ಬರುವುದನ್ನು ನೋಡಿ ಗಲಿಬಿಲಿ ಬೇಡ, ಅದು ಹಾಗೇ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ ಕಾರಿಗೆ 100ರ ಮಿತಿ, ಕ್ಯಾಮೆರಾ ಬೇರೆ. ಮತ್ತೆ 210ರ ಟೈರ್ ಯಾರಿಗೆ ಬೇಕು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಅಕ್ಷರ ಹೇಳುವುದು ಟೈರ್ ಎಷ್ಟು ಶಾಖ ತಾಳಿಕೊಳ್ಳುತ್ತದೆ ಎಂಬುದನ್ನು. ಓಡುವಾಗ ಟೈರ್ ಪ್ರತಿ ಸುತ್ತಿಗೂ ಮಡಚಿ ಬಿಡಿಸಿಕೊಳ್ಳುತ್ತದೆ, ಅದರಿಂದ ಬಿಸಿಯಾಗುತ್ತದೆ. ಏಪ್ರಿಲ್‌ನಲ್ಲಿ ಕಲಬುರಗಿಯ ಬಿಸಿಲು, ಕೆಳಗೆ ಕಾದ ಡಾಂಬರು, ಮೇಲೆ ತುಂಬಿದ ಗಾಡಿ ಎಂದಾಗ ಈ ತಾಳಿಕೆ ಕೆಲಸಕ್ಕೆ ಬರುತ್ತದೆ. ಕಂಪನಿ ಕೊಟ್ಟಿದ್ದ ಅಕ್ಷರವೋ ಅದಕ್ಕಿಂತ ಮೇಲಿನದೋ ಇದ್ದರೆ ಸಾಕು. ವಿ ಇದ್ದ ಮಾತ್ರಕ್ಕೆ ಟೈರ್ ಎಚ್‌ಗಿಂತ ಚೆನ್ನಾಗಿ ಹಿಡಿಯುತ್ತದೆ ಎಂದೇನೂ ಅಲ್ಲ; ಅದು ಗುಣಮಟ್ಟದ ಅಂಕಪಟ್ಟಿಯಲ್ಲ.

ಹಿಡಿತಕ್ಕೆ ಅಂಕ ಕೊಡುವವರು ಯಾರು?

ನಮ್ಮಲ್ಲಿ ಕಾರಿನ ಟೈರಿಗೆ ಐಎಸ್‌ಐ ಗುರುತು ಕಡ್ಡಾಯ, ಮಾನಕದ ಸಂಖ್ಯೆ ಐಎಸ್ 15633. ವಿದೇಶಿ ಬ್ರಾಂಡಿನ ಟೈರಿನ ಮೇಲೂ ಅದು ಇರಲೇಬೇಕು. ಇಲ್ಲದಿದ್ದರೆ ಅದು ಅಡ್ಡದಾರಿಯಲ್ಲಿ ಬಂದ ಮಾಲು, ವಾರಂಟಿಯ ಆಸೆ ಬಿಡಿ. ಇದರ ಜೊತೆಗೆ ಕೇಂದ್ರ ಸಾರಿಗೆ ಸಚಿವಾಲಯ 2022ರಲ್ಲಿ ಉರುಳುವಾಗಿನ ಎಳೆತ, ಒದ್ದೆ ರಸ್ತೆಯ ಹಿಡಿತ, ಸದ್ದು ಈ ಮೂರಕ್ಕೆ ಎಐಎಸ್-142 ಎಂಬ ಮಾನದಂಡವನ್ನು ನಿಯಮಕ್ಕೆ ಸೇರಿಸಿತು. ಒಳ್ಳೆಯ ಹೆಜ್ಜೆ. ಆದರೆ ಅದು ಪಾಸು ಅಥವಾ ಫೇಲು ಎಂಬ ಪರೀಕ್ಷೆ. ಪಾಸಾದವರಲ್ಲಿ ಯಾರು ಮೊದಲು, ಯಾರು ಜಸ್ಟ್ ಪಾಸು ಎಂಬುದು ಗಿರಾಕಿಗೆ ಕಾಣುವುದಿಲ್ಲ. ಬಿಇಇ, ಅಂದರೆ ಫ್ರಿಜ್ಜಿಗೆ ನಕ್ಷತ್ರ ಕೊಡುವ ಸಂಸ್ಥೆಯೇ, ಟೈರಿಗೂ ನಕ್ಷತ್ರ ಕೊಡುತ್ತದೆ. ಆದರೆ ಅದು ಇಂಧನ ಉಳಿತಾಯದ ಲೆಕ್ಕ. ಐದು ನಕ್ಷತ್ರ ನೋಡಿ ‘ಮಳೆಗೂ ಬೆಸ್ಟು’ ಎಂದುಕೊಳ್ಳಬೇಡಿ.

ಹೀಗಾಗಿ ಹೊರದೇಶದ ಎರಡು ಪಟ್ಟಿಗಳು ಗೊತ್ತಿದ್ದರೆ ಅನುಕೂಲ. ಒಂದು ಅಮೆರಿಕದ್ದು. ನಮ್ಮಲ್ಲಿ ಸಿಗುವ ಕೆಲವು ಟೈರುಗಳ ಪಕ್ಕೆಯಲ್ಲೂ ‘ಟ್ರೆಡ್‌ವೇರ್ 400, ಟ್ರ್ಯಾಕ್ಷನ್ ಎ, ಟೆಂಪರೇಚರ್ ಎ’ ಎಂಬಂಥ ಸಾಲು ಇರುತ್ತದೆ. ಟೆಕ್ಸಸ್‌ನ ಸ್ಯಾನ್ ಏಂಜೆಲೊ ಎಂಬಲ್ಲಿ ಗೊತ್ತುಪಡಿಸಿದ ರಸ್ತೆಯಲ್ಲಿ ಮಾದರಿ ಟೈರನ್ನೂ ಹೊಸ ಟೈರನ್ನೂ ಓಡಿಸಿ, ಸವೆತ ಹೋಲಿಸುತ್ತಾರೆ. 400 ಎಂದರೆ 100 ಅಂಕದ ಮಾದರಿ ಟೈರಿಗಿಂತ ನಾಲ್ಕು ಪಟ್ಟು ತಡವಾಗಿ ಸವೆಯುತ್ತದೆ ಎಂದು ಕಂಪನಿ ಹೇಳಿಕೊಂಡಿದೆ, ಅಷ್ಟೆ. ಅದನ್ನು ‘ನಲವತ್ತು ಸಾವಿರ ಕಿಲೋಮೀಟರ್’ ಎಂದು ಅನುವಾದಿಸುವ ಸೇಲ್ಸ್‌ಮನ್ನನ್ನು ನಂಬಬೇಡಿ. ಅಂಕ ಕೊಟ್ಟುಕೊಳ್ಳುವುದು ತಯಾರಕರೇ ಆದ್ದರಿಂದ ಒಂದೇ ಕಂಪನಿಯ ಎರಡು ಟೈರುಗಳ ನಡುವೆ ಹೋಲಿಕೆಗೆ ಇದು ಸರಿ, ಎರಡು ಕಂಪನಿಗಳ ನಡುವೆ ಅಷ್ಟು ಸರಿಬಾರದು. ಟ್ರ್ಯಾಕ್ಷನ್ ಎಂಬುದು ಒದ್ದೆ ನೆಲದ ಹಿಡಿತ, ಎಎ ಎಲ್ಲಕ್ಕಿಂತ ಮೇಲು, ಸಿ ಕೊನೆ. ಸಿ ಇದ್ದರೆ ನಾನಂತೂ ಆ ಅಂಗಡಿಯಿಂದ ಎದ್ದು ಬರುತ್ತೇನೆ.

ಇನ್ನೊಂದು ಯುರೋಪಿನದು, ಅದು ಹೆಚ್ಚು ಉಪಯುಕ್ತ. 2012ರಿಂದ ಜಾರಿಯಲ್ಲಿದೆ, 2021ರಲ್ಲಿ ಪರಿಷ್ಕಾರವಾಯಿತು. ಇಂಧನಕ್ಕೂ ಒದ್ದೆ ಹಿಡಿತಕ್ಕೂ ಎಯಿಂದ ಇವರೆಗೆ ಬೇರೆಬೇರೆ ದರ್ಜೆ. ಅವರ ಹಳೆಯ ಲೇಬಲ್ಲಿನ ಲೆಕ್ಕದಂತೆ, 80 ಕಿಮೀ ವೇಗದಲ್ಲಿ ಒದ್ದೆ ರಸ್ತೆಯಲ್ಲಿ ಜೋರು ಬ್ರೇಕ್ ಹಿಡಿದರೆ ಮೇಲಿನ ದರ್ಜೆಗೂ ಕೊನೆಯ ದರ್ಜೆಗೂ ನಡುವೆ 18 ಮೀಟರ್‌ವರೆಗೆ ವ್ಯತ್ಯಾಸ ಬರಬಹುದು. ಸಾಲಾಗಿ ನಿಂತ ನಾಲ್ಕು ಸಣ್ಣ ಕಾರುಗಳ ಉದ್ದಕ್ಕಿಂತ ಅದು ಹೆಚ್ಚು. ನಿಮಗೆ ತೋರಿಸುತ್ತಿರುವ ಮಾದರಿಯೇ, ಅದೇ ಸೈಜಿನಲ್ಲಿ, ಯುರೋಪಿನಲ್ಲೂ ಮಾರಾಟವಾಗುತ್ತಿದ್ದರೆ ಅದರ ದರ್ಜೆಯನ್ನು ಫೋನಿನಲ್ಲೇ ನೋಡಿಕೊಳ್ಳಬಹುದು. ಭಾರತಕ್ಕೆಂದೇ ತಯಾರಾದ ಮಾದರಿಗೆ ಆ ದರ್ಜೆ ಅನ್ವಯಿಸುವುದಿಲ್ಲ, ಹೆಸರು ಒಂದೇ ಇದ್ದರೂ. ಆಗ ಗತಿ ಏನು? ಅದೇ ಟೈರ್ ಹಾಕಿಸಿಕೊಂಡು ಒಂದು ಮಳೆಗಾಲ ಕಳೆದವರನ್ನು ಕೇಳುವುದೇ ಸರಿ. ಹೊಸದರಲ್ಲಿ ಎಲ್ಲ ಟೈರೂ ಚೆನ್ನಾಗಿಯೇ ಇರುತ್ತದೆ.

ಗಟ್ಟಿ ರಬ್ಬರ್ ಬಹುಕಾಲ ಬಾಳುತ್ತದೆ, ಮೆತ್ತನೆಯದು ಚೆನ್ನಾಗಿ ಹಿಡಿಯುತ್ತದೆ, ಕಮ್ಮಿ ಎಳೆತದ್ದು ಪೆಟ್ರೋಲ್ ಉಳಿಸುತ್ತದೆ. ಮೂರನ್ನೂ ಒಟ್ಟಿಗೆ ಸಾಧಿಸುವುದು ಕಷ್ಟ. 1992ರಲ್ಲಿ ಮಿಶೆಲಿನ್ ಕಂಪನಿ ಕಪ್ಪು ಇಂಗಾಲದ ಬದಲು ಸಿಲಿಕಾ ಬೆರೆಸಿ ಈ ಜಗಳವನ್ನು ತಕ್ಕಮಟ್ಟಿಗೆ ಬಗೆಹರಿಸಿತು, ಈಗ ಉಳಿದ ಕಂಪನಿಗಳೂ ಅದನ್ನೇ ಮಾಡುತ್ತವೆ. ಆದರೂ ‘ಒಂದು ಲಕ್ಷ ಕಿಲೋಮೀಟರ್’ ಎಂದು ದೊಡ್ಡದಾಗಿ ಬರೆದುಕೊಂಡ ಟೈರ್ ಹಿಡಿತದಲ್ಲಿ ಏನನ್ನು ಬಿಟ್ಟುಕೊಟ್ಟಿದೆ ಎಂದು ವಿಚಾರಿಸಿಯೇ ದುಡ್ಡು ಕೊಡಿ.

ನಿಮ್ಮ ರಸ್ತೆ ಯಾವುದು?

ತೀರ್ಥಹಳ್ಳಿ, ಸಕಲೇಶಪುರ, ಮಂಗಳೂರು ಕಡೆಯವರು, ತಿಂಗಳಿಗೊಮ್ಮೆಯಾದರೂ ಆಗುಂಬೆ, ಚಾರ್ಮಾಡಿ, ಶಿರಾಡಿ ಇಳಿಯುವವರು ಒದ್ದೆ ಹಿಡಿತಕ್ಕೇ ಹಣ ಹಾಕಬೇಕು. ನೀರನ್ನು ಹೊರಗೆ ತಳ್ಳುವಂಥ ಅಗಲವಾದ ಉದ್ದ ಗೀರುಗಳಿರುವ ಟೈರ್ ನೋಡಿ. ಬರೀ ಬೆಂಗಳೂರಿನೊಳಗೆ ಆಫೀಸು, ಮನೆ ಎಂದು ಓಡಾಡುವವರಿಗೆ ಗುಂಡಿ ಮತ್ತು ಹಂಪುಗಳೇ ಸಮಸ್ಯೆ, ಅವರಿಗೆ ಎತ್ತರದ ಪಕ್ಕೆ ಬೇಕು. ಹುಬ್ಬಳ್ಳಿ, ವಿಜಯಪುರ, ರಾಯಚೂರಿನ ಬಯಲಿನಲ್ಲಿ ದೂರ ಓಡಿಸುವವರಿಗೆ ಶಾಖ ತಾಳಿಕೆ ಮುಖ್ಯ. ಕೊಡಗು, ಚಿಕ್ಕಮಗಳೂರಿನಲ್ಲಿ ತೋಟದ ಕೆಸರು ದಾರಿಯಲ್ಲಿ ನಿತ್ಯ ಹತ್ತಿ ಇಳಿಯುವವರಿಗೆ ದಪ್ಪ ಹಲ್ಲಿನ ಎ/ಟಿ ಟೈರ್ ಬೇಕೇಬೇಕು. ಇಂದಿರಾನಗರದಲ್ಲಿ ಓಡಾಡುವ ಥಾರ್‌ಗೆ ಅದು ಬರೀ ಶೋಕಿ. ಟಾರು ರಸ್ತೆಯಲ್ಲಿ ಸದ್ದು ಜಾಸ್ತಿ, ಮೈಲೇಜು ಕಮ್ಮಿ, ಮಳೆಯಲ್ಲಿ ಬ್ರೇಕ್ ಹಿಡಿದರೆ ನಿಲ್ಲುವ ದೂರವೂ ಸಾಮಾನ್ಯವಾಗಿ ಹೆಚ್ಚು.

ಶೋಕಿಯ ಮಾತು ಬಂದಿದ್ದರಿಂದ, ದೊಡ್ಡ ಟೈರ್ ಹಾಕಿಸುವ ಚಪಲದ ಬಗ್ಗೆಯೂ ಹೇಳಬೇಕು. ಮೂರನೇ ತಲೆಮಾರಿನ ಸ್ವಿಫ್ಟ್ ಕಾರಿನ ಕೆಳಗಿನ ಮಾದರಿಗಳಿಗೆ 165/80 ಆರ್ 14, ಮೇಲಿನದಕ್ಕೆ 185/65 ಆರ್ 15 ಬರುತ್ತಿತ್ತು. ಲೆಕ್ಕ ಹಾಕಿ ನೋಡಿ. ಮೊದಲನೆಯದರಲ್ಲಿ ಪಕ್ಕೆ 132 ಮಿಮೀ, ಮೇಲೆ ಕೆಳಗೆ ಸೇರಿ 264, ರಿಮ್ಮು 14 ಇಂಚು ಅಂದರೆ 355.6, ಒಟ್ಟು 619.6 ಮಿಮೀ ಎತ್ತರ. ಎರಡನೆಯದು 240.5ಕ್ಕೆ 381 ಸೇರಿ 621.5. ಎರಡು ಮಿಲಿಮೀಟರಿನಷ್ಟೂ ವ್ಯತ್ಯಾಸವಿಲ್ಲ. ರಿಮ್ಮು ದೊಡ್ಡದಾದಷ್ಟೂ ಪಕ್ಕೆಯನ್ನು ತಗ್ಗಿಸಿ ಒಟ್ಟು ಎತ್ತರ ಕಾಯ್ದುಕೊಳ್ಳುವುದೇ ಸರಿಯಾದ ಕ್ರಮ. ಕೆಳಗಿನ ಮಾದರಿ ಕೊಂಡವರು ಹದಿನೈದಕ್ಕೆ ಏರಬೇಕೆಂದರೆ ಕಂಪನಿಯೇ ಒಪ್ಪಿದ ಈ ದಾರಿ ಇದೆ. ಅದನ್ನು ಬಿಟ್ಟು ಅದೇ ರಿಮ್ಮಿಗೆ 205/65 ತುರುಕಿದರೆ ಎತ್ತರ 647.5 ಆಗುತ್ತದೆ, ಶೇ 4ರಷ್ಟು ಹೆಚ್ಚು. ಹಿಂದೆ ಮೀಟರ್ 100 ತೋರಿಸುತ್ತಿದ್ದ ವೇಗಕ್ಕೆ ಈಗ 96 ತೋರಿಸುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜಲೂಬಹುದು. ಎತ್ತರ ಸರಿಯಿದ್ದರೂ 50, 45ರ ತೆಳು ಪಕ್ಕೆಯ ಟೈರ್ ನಮ್ಮ ಊರುಗಳಿಗೆ ತಕ್ಕದ್ದಲ್ಲ. ಒಂದು ಕಂಡರಿಯದ ಗುಂಡಿ ಸಾಕು, ಒಳಗಿನ ದಾರಗಳು ಕಡಿದು ಪಕ್ಕೆಯಲ್ಲಿ ಉಬ್ಬು ಏಳುತ್ತದೆ, ಅಲಾಯ್ ಕೂಡ ಸೊಟ್ಟಗಾಗುತ್ತದೆ. ಉಬ್ಬಿದ ಟೈರಿಗೆ ರಿಪೇರಿ ಎಂಬುದಿಲ್ಲ. ಯಾರಾದರೂ ಮಾಡಿಕೊಡುತ್ತೇನೆ ಎಂದರೆ ಕೈಮುಗಿದು ಬನ್ನಿ.

ನಾಲ್ಕು ಅಂಕಿಯ ಜಾತಕ

ಪಕ್ಕೆಯ ಮೇಲೆ ಉದ್ದವಾದ ಒಂದು ಕೋಡ್ ಇರುತ್ತದೆ, ಅದರ ಕೊನೆಯ ನಾಲ್ಕು ಅಂಕಿ ತಯಾರಾದ ದಿನಾಂಕ. 2324 ಎಂದಿದ್ದರೆ 2024ರ 23ನೇ ವಾರ, ಅಂದರೆ ಜೂನ್. ಬಹಳಷ್ಟು ಟೈರುಗಳಲ್ಲಿ ಈ ನಾಲ್ಕು ಅಂಕಿ ಒಂದು ಮಗ್ಗುಲಲ್ಲಿ ಮಾತ್ರ ಇರುತ್ತದೆ, ಫಿಟ್ ಮಾಡಿದಾಗ ಒಳಗಡೆ ಹೋಗಿಬಿಟ್ಟರೆ ಕಾರಿನ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಬೇಕಾಗುತ್ತದೆ. ಆದ್ದರಿಂದ ರಿಮ್ಮಿಗೆ ಏರಿಸುವ ಮುನ್ನವೇ ನಾಲ್ಕನ್ನೂ ನೋಡಿ, ಫೋಟೊ ತೆಗೆದುಕೊಳ್ಳಿ. ನೆರಳಲ್ಲಿ ಇಟ್ಟ ಆರು ತಿಂಗಳ ಟೈರ್ ಹೊಸದೇ, ಅದಕ್ಕೆ ಜಗಳ ಬೇಡ. ವರ್ಷ ದಾಟಿದ್ದರೆ ಬೇರೆ ಕೊಡಿ ಎನ್ನಿ, ಇಲ್ಲವೆಂದರೆ ರೇಟು ಇಳಿಸಲು ಹೇಳಿ. ಎರಡು ವರ್ಷದ್ದನ್ನು ಎಷ್ಟೇ ಸೋವಿಯಾದರೂ ನಾನು ಕೊಳ್ಳುವುದಿಲ್ಲ.

ರಬ್ಬರ್ ಓಡದಿದ್ದರೂ ಮುದಿಯಾಗುತ್ತದೆ. ನಿವೃತ್ತರ ಮನೆಯ ಕಾರುಗಳಲ್ಲಿ ಇದು ಸಾಮಾನ್ಯ: ಹದಿನೈದು ಸಾವಿರ ಕಿಲೋಮೀಟರ್ ಕೂಡ ಆಗಿರುವುದಿಲ್ಲ, ಗೀರುಗಳು ಹಸನಾಗಿರುತ್ತವೆ, ಆದರೆ ಪಕ್ಕೆಯಲ್ಲಿ ಸಣ್ಣ ಸಣ್ಣ ಬಿರುಕು. ಐದು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು, ಹತ್ತು ವರ್ಷವಾದರೆ ನೋಡಲು ಹೇಗೇ ಇದ್ದರೂ ಬಿಸಾಡಬೇಕು ಎಂಬುದು ಟೈರ್ ಕಂಪನಿಗಳದೇ ಸಲಹೆ. ನಮ್ಮ ಬಿಸಿಲಿಗೆ ಆರೇಳು ವರ್ಷವೇ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಸವೆತದ ಮಿತಿಯನ್ನು ಕೇಂದ್ರ ಮೋಟಾರು ವಾಹನ ನಿಯಮ 94 ಹೇಳುತ್ತದೆ: ಕಾರಿನ ಟೈರಿನ ಗೀರು 1.6 ಮಿಮೀಗಿಂತ ಕಮ್ಮಿ ಆಳ ಇರಕೂಡದು. ಗೀರಿನ ತಳದಲ್ಲಿ ಅಡ್ಡಲಾಗಿ ಸಣ್ಣ ದಿಬ್ಬಗಳಿರುತ್ತವೆ, ಪಕ್ಕೆಯಲ್ಲಿ ‘ಟಿಡಬ್ಲ್ಯೂಐ’ ಅಥವಾ ತ್ರಿಕೋನದ ಗುರುತು ಅದರ ಜಾಗ ತೋರಿಸುತ್ತದೆ. ಟೈರಿನ ಮೈ ಆ ದಿಬ್ಬಕ್ಕೆ ಸಮನಾದರೆ ಕಾನೂನಿನ ಪ್ರಕಾರ ಅದರ ಕಥೆ ಮುಗಿಯಿತು. ಆದರೆ ಮಳೆ ಕಾನೂನು ನೋಡಿಕೊಂಡು ಬರುವುದಿಲ್ಲ. ಗೀರು 3 ಮಿಮೀಗೆ ಇಳಿಯುವ ಹೊತ್ತಿಗೇ ನೀರನ್ನು ಹೊರಹಾಕುವ ಶಕ್ತಿ ಬಹಳ ಕುಗ್ಗಿ, ನಿಂತ ನೀರಿನ ಮೇಲೆ ಟೈರ್ ತೇಲಲು ಶುರುವಾಗುತ್ತದೆ. ಆಗ ಸ್ಟೇರಿಂಗು, ಬ್ರೇಕು ಎರಡಕ್ಕೂ ಬೆಲೆಯಿಲ್ಲ. ಮಲೆನಾಡು, ಕರಾವಳಿಯವರು ಮೇ ತಿಂಗಳಲ್ಲೇ ಆಳ ಅಳೆಸಿ, 3ಕ್ಕೆ ಇಳಿದಿದ್ದರೆ ಬದಲಿಸುವುದು ಒಳ್ಳೆಯದು. ನುಣ್ಣಗಾದ ಟೈರಿಗೆ ಬಿಸಿ ಬ್ಲೇಡಿನಿಂದ ಮತ್ತೆ ಗೀರು ಕೊರೆದು, ಕಪ್ಪು ಪಾಲಿಶ್ ಬಳಿದು ಮಾರುವವರೂ ಇದ್ದಾರೆ. ಕಾರಿನ ಟೈರಿನಲ್ಲಿ ಹಾಗೆ ಕೊರೆಯುವಷ್ಟು ದಪ್ಪ ಉಳಿದಿರುವುದೇ ಇಲ್ಲ, ಬ್ಲೇಡು ತಂತಿಯ ಹತ್ತಿರಕ್ಕೇ ಹೋಗಿರುತ್ತದೆ. ಸೆಕೆಂಡ್‌ಹ್ಯಾಂಡ್ ಟೈರಿನ ಆಸೆಯನ್ನು ಮುಲಾಜಿಲ್ಲದೆ ಬಿಡಿ. ಹೊಸ ಟೈರಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

ಎರಡೇ ಹಾಕಿಸುವುದಾದರೆ

ನಮ್ಮ ಬಹುತೇಕ ಕಾರುಗಳಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು, ಅವೇ ಬೇಗ ಸವೆಯುತ್ತವೆ. ಎರಡು ಹೊಸದು ತಂದರೆ ಅಂಗಡಿಯವರು ಕೇಳದೆ ಮುಂದಕ್ಕೇ ಹಾಕುತ್ತಾರೆ. ಹೊಸದು ಹಿಂದಕ್ಕೆ, ಅರ್ಧ ಸವೆದದ್ದು ಮುಂದಕ್ಕೆ ಎಂಬುದೇ ಟೈರ್ ತಯಾರಕರ ಸಲಹೆ. ಮುಂದಿನ ಚಕ್ರ ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ, ಕಾಲು ತೆಗೆದರೆ ಹಿಡಿತ ಮತ್ತೆ ಸಿಗುವ ಸಾಧ್ಯತೆ ಉಂಟು. ಒದ್ದೆ ತಿರುವಿನಲ್ಲಿ ಹಿಂದಿನದು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಅದನ್ನು ಸಂಭಾಳಿಸುವುದು ನಮ್ಮ ನಿಮ್ಮಂಥವರಿಂದ ಆಗದ ಕೆಲಸ. ಮೆಕ್ಯಾನಿಕ್ ಒಪ್ಪದಿದ್ದರೂ ಹಟ ಹಿಡಿಯಿರಿ. ಒಂದೇ ಆಕ್ಸಲ್‌ನ ಎರಡೂ ಟೈರ್ ಒಂದೇ ಬ್ರಾಂಡ್, ಒಂದೇ ಮಾದರಿ ಇರಲಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ.

ಕೊನೆಗೆ ಗಾಳಿ. ಎಷ್ಟು ಹಾಕಿಸಬೇಕೆಂಬ ಸ್ಟಿಕ್ಕರ್ ಚಾಲಕನ ಬಾಗಿಲು ತೆಗೆದರೆ ಕಾಣುತ್ತದೆ. ಟೈರಿನ ಪಕ್ಕೆಯಲ್ಲಿ ಬರೆದ 44 ಅಥವಾ 51 ಪಿಎಸ್‌ಐ ಗರಿಷ್ಠ ಮಿತಿ, ಅದನ್ನು ನೋಡಿ ಹಾಕಿಸಬೇಡಿ. ಅಳೆಯುವುದು ಟೈರ್ ತಣ್ಣಗಿದ್ದಾಗ. ‘ಬೇಸಿಗೆಯಲ್ಲಿ ಎರಡು ಪಾಯಿಂಟ್ ಕಮ್ಮಿ ಹಾಕಿಸಿ, ಬರ್ಸ್ಟ್ ಆಗಲ್ಲ’ ಎಂಬ ಉಪದೇಶ ಪೆಟ್ರೋಲ್ ಬಂಕುಗಳಲ್ಲಿ ಪುಕ್ಕಟೆ ಸಿಗುತ್ತದೆ, ಅದು ಪೂರ್ತಿ ಉಲ್ಟಾ. ಗಾಳಿ ಕಮ್ಮಿಯಾದಷ್ಟೂ ಪಕ್ಕೆ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಕಾಯುತ್ತದೆ, ಕಾದು ಪದರ ಬಿಟ್ಟುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಟೈರ್ ಸಿಡಿಯುವುದಕ್ಕೆ ದೊಡ್ಡ ಕಾರಣವೇ ಇದು. ನೈಟ್ರೋಜನ್‌ಗೆ ದುಡ್ಡು ಕೊಡುವುದು ನಿಮ್ಮ ಇಷ್ಟ. ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇ 78ರಷ್ಟಿದೆ. ಹದಿನೈದು ದಿನಕ್ಕೊಮ್ಮೆ ಮಾಮೂಲಿ ಗಾಳಿ ನೋಡಿಸಿದರೆ ಧಾರಾಳವಾಯಿತು.

ಹೊಸ ಟೈರಿನ ಜೊತೆ ವಾಲ್ವನ್ನೂ ಹೊಸದು ಹಾಕಿಸಿ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ, ನಾಲ್ಕೂ ಟೈರಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅದಿಲ್ಲದೆ ವಾರಂಟಿ ಕೇಳಲು ಹೋದರೆ ಬರಿಗೈಯಲ್ಲಿ ವಾಪಸ್ ಬರಬೇಕಾದೀತು. ಹೊರಡುವ ಮುಂಚೆ ಡಿಕ್ಕಿ ತೆಗೆದು ಸ್ಟೆಪ್ನಿಯ ನಾಲ್ಕು ಅಂಕಿಯನ್ನೂ ಓದಿ, ಅದಕ್ಕೂ ಗಾಳಿ ಹಾಕಿಸಿ. ಅದು ಉಳಿದ ನಾಲ್ಕಕ್ಕಿಂತ ಸಣ್ಣದಿದ್ದರೆ, ಮೇಲೆ 80 ಕಿಮೀ ಎಂದು ಬರೆದಿದ್ದರೆ, ಪಂಕ್ಚರ್ ಅಂಗಡಿಯವರೆಗೆ ಮಾತ್ರ ಅದನ್ನು ಓಡಿಸಿ.